ಡ್ರೈವರ್‌ಗಳಿಗೆ ನಾಟುವ ಸ್ಲೋಗನ್ ಬರೆಯುವುದು ಹೇಗೆ?

ಪ್ರಶ್ನೆ: ರಸ್ತೆ ಸುರಕ್ಷತಾ ಮಾಸಕ್ಕೆ ನಮ್ಮ ಚಾಲಕರ ಸಂಘದಿಂದ ಒಂದಷ್ಟು ಬೋರ್ಡು, ಸ್ಟಿಕ್ಕರ್ ಮಾಡಿಸೋಣ ಅಂತಿದ್ದೇವೆ. ಎಲ್ಲಿ ಹುಡುಕಿದರೂ ಅದೇ ಹಳೇ ಸಾಲುಗಳು. ಚಿಕ್ಕದಾಗಿ, ಡ್ರೈವರ್‌ಗಳಿಗೆ ನಾಟುವ ಹಾಗೆ ಹೊಸದಾಗಿ ಬರೆಯುವುದು ಹೇಗೆ?

ಉತ್ತರ: ಜನವರಿ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ನನ್ನ ಉತ್ತರ ಒಂದೇ. ಜೀವದ ಬೆಲೆ ಹೇಳಲು ಹೋಗಬೇಡಿ, ಕೈಕಾಲಿಗೆ ಕೆಲಸ ಹೇಳಿ.

‘ಜೀವ ಅಮೂಲ್ಯ’, ‘ಸುರಕ್ಷತೆ ಎಲ್ಲರ ಹೊಣೆ’ ಅನ್ನುವುದನ್ನು ಯಾವ ಡ್ರೈವರ್ ತಾನೇ ಒಪ್ಪುವುದಿಲ್ಲ? ಒಪ್ಪುತ್ತಾರೆ, ಅದೇ ಸ್ಪೀಡಲ್ಲಿ ಮುಂದೆ ಹೋಗುತ್ತಾರೆ. ಈ ಮಾತು ಪಕ್ಕದ ಗಾಡಿಯವನಿಗೆ ಹೇಳಿದ್ದು ಅಂತಲೇ ಎಲ್ಲರ ಲೆಕ್ಕ. ‘ಅವಸರವೇ ಅಪಘಾತಕ್ಕೆ ಕಾರಣ’ ಅನ್ನುವುದಂತೂ ಎಷ್ಟು ಹಳತಾಗಿದೆಯೆಂದರೆ, ಬೋರ್ಡ್ ಕಣ್ಣಿಗೆ ಬಿದ್ದರೂ ಅಕ್ಷರ ಬೀಳುವುದಿಲ್ಲ.

ಈಗ ಲಾರಿ ಹಿಂದೆ ಬರೆದಿರುವ ‘ಹಾರ್ನ್ ಓಕೆ ಪ್ಲೀಸ್’ ನೋಡಿ. ಅದರಲ್ಲಿ ಉಪದೇಶವೂ ಇಲ್ಲ, ಕವಿತೆಯೂ ಇಲ್ಲ. ಆದರೆ ಅದು ಯಾರಿಗೆ ಬೇಕೋ ಅವರ ಕಣ್ಣೆದುರೇ ಇದೆ, ಓವರ್‌ಟೇಕ್ ಮಾಡುವ ಹೊತ್ತಿಗೇ ಕಾಣುತ್ತದೆ, ಮಾಡಬೇಕಾದ ಒಂದೇ ಕೆಲಸ ಹೇಳುತ್ತದೆ. ಜನ ಸುಮ್ನೆ ಸುಮ್ನೆ ಹಾರ್ನ್ ಹೊಡೆಯುವುದಕ್ಕೆ ಇದೂ ಕಾರಣ ಅಂತ 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಆ ಬರಹವನ್ನೇ ನಿಷೇಧಿಸಿತು. ಮೂರು ಪದದ ಸಾಲಿಗೆ ಹೆದರಿ ಸರ್ಕಾರ ಆದೇಶ ಹೊರಡಿಸಿತು ಅಂದರೆ ಅದರ ತಾಕತ್ತು ನೋಡಿ!

ಹಾಗಾದರೆ ‘ಅತಿ ವೇಗ, ತಿಥಿ ಬೇಗ’ ಚೆನ್ನಾಗಿಲ್ವಾ ಅಂತ ಕೇಳುತ್ತೀರಿ. ಕಿವಿಗೆ ಅದನ್ನು ಮೀರಿಸಿದ್ದು ಕನ್ನಡದಲ್ಲಿ ನನಗಂತೂ ಸಿಕ್ಕಿಲ್ಲ. ಪ್ರಾಸ ತಾನಾಗಿ ಬಂದಿದೆ, ‘ಕೈ ಕೆಸರಾದರೆ ಬಾಯಿ ಮೊಸರು’ ಅನ್ನುವ ಗಾದೆಯ ಹಾಗೆ ಒಮ್ಮೆ ಕೇಳಿದರೆ ಸಾಕು, ಬಾಯಲ್ಲೇ ಉಳಿಯುತ್ತದೆ. ಆದರೆ ಅದು ಉಳಿದಿರುವುದು ಜೋಕಾಗಿ. ಅದನ್ನು ಓದಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದವರು ಕಡಿಮೆ, ನಕ್ಕವರು ಜಾಸ್ತಿ ಅಂತ ನನ್ನ ಅನುಮಾನ. ಅದರ ಪ್ರಾಸ ಕಲಿಯಿರಿ, ಸಾವಿನ ಮಾತು ಬಿಟ್ಟುಬಿಡಿ.

ಸಾವಿನ ಮಾತು ಯಾಕೆ ಬೇಡ ಅಂದರೆ, ಅದರಿಂದ ಕೆಲವೊಮ್ಮೆ ಉಲ್ಟಾ ಪರಿಣಾಮವೇ ಆಗುತ್ತದೆ. ಅಮೆರಿಕದ ಟೆಕ್ಸಸ್‌ನಲ್ಲಿ ಹೆದ್ದಾರಿಯ ಎಲೆಕ್ಟ್ರಾನಿಕ್ ಬೋರ್ಡ್‌ಗಳ ಮೇಲೆ ಆ ವರ್ಷ ರಸ್ತೆಯಲ್ಲಿ ಸತ್ತವರ ಸಂಖ್ಯೆಯನ್ನು ತಿಂಗಳಿಗೆ ಒಂದು ವಾರ ತೋರಿಸುತ್ತಿದ್ದರು. ಸಂಖ್ಯೆ ತೋರಿಸಿದ ವಾರಗಳನ್ನೂ ತೋರಿಸದ ವಾರಗಳನ್ನೂ ಇಬ್ಬರು ಸಂಶೋಧಕರು ಹೋಲಿಸಿ ನೋಡಿದರು. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಸಂಖ್ಯೆ ತೋರಿಸಿದಾಗ ಬೋರ್ಡ್ ದಾಟಿದ ಮುಂದಿನ 10 ಕಿ.ಮೀ.ನಲ್ಲಿ ಅಪಘಾತ ಕಡಿಮೆಯಾಗಲಿಲ್ಲ, ಶೇ. 4.5ರಷ್ಟು ಹೆಚ್ಚಾಗಿತ್ತು! ಅಷ್ಟು ದೊಡ್ಡ ಸಂಖ್ಯೆ ಓದಿದ ಮೇಲೆ ತಲೆ ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ, ರಸ್ತೆ ಮೇಲೆ ಇರುವುದಿಲ್ಲ ಅನ್ನುವುದು ಅವರ ವಿವರಣೆ. ಹಾಗಾಗಿ ರಕ್ತ, ತಲೆಬುರುಡೆ, ಅಳುವ ಹೆಂಡತಿ ಮಕ್ಕಳ ಚಿತ್ರ ಇವೆಲ್ಲ ಗಾಡಿ ಓಡಿಸುತ್ತಿರುವವರ ಮುಂದೆ ಬೇಡ. ತೋರಿಸಲೇಬೇಕು ಅಂದರೆ ಗಾಡಿ ನಿಂತಿರುವ ಜಾಗದಲ್ಲಿ, ಪೆಟ್ರೋಲ್ ಬಂಕಿನಲ್ಲೋ ಆರ್‌ಟಿಓ ಕಚೇರಿಯಲ್ಲೋ ತೋರಿಸಿ.

ಇನ್ನು ಉದ್ದದ ಲೆಕ್ಕ. 80 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 22 ಮೀಟರ್ ಹೋಗುತ್ತದೆ. ನಿಮ್ಮ ಬೋರ್ಡ್ 60 ಮೀಟರ್ ದೂರದಿಂದ ಓದುವಂತಿದ್ದರೆ ಓದಲು ಸಿಗುವುದು ಮೂರು ಸೆಕೆಂಡ್‌ಗೂ ಕಡಿಮೆ, ಅದರಲ್ಲೂ ಡ್ರೈವರ್ ರಸ್ತೆಯನ್ನೂ ನೋಡಬೇಕಲ್ಲ. ಹಾಗಾಗಿ ಮೂರೋ ನಾಲ್ಕೋ ಪದ, ಅಷ್ಟೇ. ಒತ್ತಕ್ಷರ ಕಡಿಮೆ ಇರುವ ಪದ ಆರಿಸಿ. ‘ಸಂಚಾರ ನಿಯಮಗಳನ್ನು ಉಲ್ಲಂಘಿಸಬೇಡಿ’ ಅಂತ ಬರೆಸಿದರೆ ಒತ್ತುಗಳೆಲ್ಲ ಕೆಳಗೆ ಇರುಕಿಕೊಂಡು, ದೂರದಿಂದ ನೋಡಿದವರಿಗೆ ಬರೀ ಕಪ್ಪು ಗೆರೆ ಕಾಣುತ್ತದೆ. ಮೇಲಾಗಿ ಯಾವ ನಿಯಮ ಅಂತ ಅದು ಹೇಳುವುದೇ ಇಲ್ಲ.

ನನ್ನ ಪ್ರಕಾರ ಅತಿ ಮುಖ್ಯವಾದದ್ದು ಇದು. ಮೊದಲು ಸಾಲು ಬರೆದು ಆಮೇಲೆ ಜಾಗ ಹುಡುಕಬೇಡಿ. ಜಾಗಕ್ಕೆ ಹೋಗಿ ನಿಂತು, ಇಲ್ಲಿ ಡ್ರೈವರ್ ಏನು ತಪ್ಪು ಮಾಡುತ್ತಾರೆ ಅಂತ ನೋಡಿ, ಆಮೇಲೆ ಬರೆಯಿರಿ. ಶಿರಾಡಿ, ಚಾರ್ಮಾಡಿಯಂಥ ಘಾಟಿಯಲ್ಲಿ ಇಳಿಯುವ ಲಾರಿಗೆ ‘ನಿಧಾನವೇ ಪ್ರಧಾನ’ ಅಂದರೆ ಏನು ಪ್ರಯೋಜನ? ಬ್ರೇಕ್ ತುಳಿಯುತ್ತಲೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ, ಕೆಳಗಿನ ಗೇರಿಗೆ ಹಾಕಿದರೆ ಇಂಜಿನ್ನೇ ಗಾಡಿಯನ್ನು ತಡೆಯುತ್ತದೆ. ಅದನ್ನೇ ಹೇಳಿ: ‘ಇಳಿಜಾರು. ಗೇರ್ ಇಳಿಸಿ.’ ಪ್ರಾಸಕ್ಕೆ ಕಷ್ಟಪಡುವುದೇ ಬೇಡ, ವಿಷಯದಲ್ಲೇ ಇದೆ. ಘಾಟಿಯ ಕಿರಿದಾದ ಜಾಗದಲ್ಲಿ ‘ಹತ್ತುವ ಗಾಡಿಗೆ ದಾರಿ ಬಿಡಿ’ ಅನ್ನಿ. ಅದು ಕಾನೂನಿನಲ್ಲೇ ಇರುವ ನಿಯಮ, ಗೊತ್ತಿರುವವರು ಕಡಿಮೆ.

ಮಂಡ್ಯ, ಬೆಳಗಾವಿ ಕಡೆ ಕಬ್ಬು ಕಟಾವಿನ ಕಾಲದಲ್ಲಿ ಟ್ರ್ಯಾಕ್ಟರ್ ಟ್ರೈಲರ್‌ಗಳು ರಾತ್ರಿ ಹಿಂದೆ ಒಂದು ಲೈಟೂ ಇಲ್ಲದೆ ಹೋಗುತ್ತಿರುತ್ತವೆ. ಅಲ್ಲಿ ಬೋರ್ಡ್ ಬೇಕಿರುವುದು ಹೆದ್ದಾರಿಯಲ್ಲಲ್ಲ, ಕಾರ್ಖಾನೆಯ ಗೇಟಿನಲ್ಲಿ: ‘ಹಿಂದೆ ರೇಡಿಯಂ ಇದೆಯಾ? ಇಳಿದು ನೋಡಿ.’ ಗಾಡಿಗಳು ಸಾಲಾಗಿ ನಿಂತಿರುತ್ತವೆ, ಇಳಿದು ನೋಡಲು ಬೇಕಾದಷ್ಟು ಹೊತ್ತಿರುತ್ತದೆ.

ಬೈಕಿನವರಿಗೆ ‘ಹೆಲ್ಮೆಟ್ ತಲೆಗೆ, ಟ್ಯಾಂಕಿಗಲ್ಲ’ ಅಂತ ಬರೆಯಬಹುದು. ಪೊಲೀಸರು ಕಂಡಾಗ ಮಾತ್ರ ಟ್ಯಾಂಕಿನಿಂದ ತಲೆಗೆ ಏರಿಸುವವರಿಗೆ ಅದು ತಮಗೇ ಹೇಳಿದ್ದು ಅಂತ ಗೊತ್ತಾಗುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 50,029 ಜನ ಹೆಲ್ಮೆಟ್ ಹಾಕಿರಲಿಲ್ಲ ಅಂತ ಕೇಂದ್ರ ಸಾರಿಗೆ ಇಲಾಖೆಯ ವರದಿ ಹೇಳುತ್ತದೆ. ಈ ಅಂಕಿ ನಿಮಗೆ ಗೊತ್ತಿರಲಿ, ಬೋರ್ಡಿಗೆ ಹಾಕಬೇಡಿ.

‘ಬೇಡ’ ಅನ್ನುವುದಕ್ಕಿಂತ ‘ಹೀಗೆ ಮಾಡಿ’ ಅನ್ನುವುದು ಮೇಲು. ‘ಚಾಲನೆ ವೇಳೆ ಮೊಬೈಲ್ ಬಳಸಬೇಡಿ’ ಅಂದರೆ, ಫೋನ್ ರಿಂಗಾಗುತ್ತಲೇ ಇದೆ, ಓನರ್‌ದೇ ಕಾಲ್, ಏನು ಮಾಡಬೇಕು? ‘ಫೋನ್ ಬಂತಾ? ಎಡಕ್ಕೆ ನಿಲ್ಲಿಸಿ, ಮಾತಾಡಿ.’ ಇಲ್ಲಿ ದಾರಿ ತೋರಿಸಿದ್ದೀರಿ.

ನಿಮ್ಮದು ಚಾಲಕರ ಸಂಘ ಆದ್ದರಿಂದ ಇದನ್ನು ಹೇಳಲು ಸ್ವಲ್ಪ ಸಂಕೋಚ, ಆದರೂ ಹೇಳುತ್ತೇನೆ. ಒಳ್ಳೇ ಸ್ಲೋಗನ್ ಡ್ರೈವರ್‌ಗೇ ಹೇಳಬೇಕೆಂದಿಲ್ಲ. ಕೀನ್ಯಾದಲ್ಲಿ ಮಟಾಟು ಅನ್ನುವ ಖಾಸಗಿ ವ್ಯಾನ್‌ಗಳಿವೆ, ಓಡಿಸುವ ರೀತಿಗೆ ಕುಖ್ಯಾತ. ಅವುಗಳ ಒಳಗೆ ಪ್ರಯಾಣಿಕರಿಗೆ ಕಾಣುವ ಹಾಗೆ, ಡ್ರೈವರ್ ಅಡ್ಡಾದಿಡ್ಡಿ ಓಡಿಸಿದರೆ ಸುಮ್ಮನಿರಬೇಡಿ, ಬಾಯಿಬಿಡಿ ಅನ್ನುವ ಅರ್ಥದ ಸ್ಟಿಕ್ಕರ್ ಅಂಟಿಸಿದರು. ಸ್ಟಿಕ್ಕರ್ ಕೀಳದೆ ಉಳಿಸಿಕೊಂಡ ಡ್ರೈವರ್‌ಗಳಿಗೆ ಲಾಟರಿ ಬಹುಮಾನವನ್ನೂ ಇಟ್ಟರು. ಮೊದಲ ಪ್ರಯೋಗದಲ್ಲಿ ಆ ವ್ಯಾನ್‌ಗಳ ಇನ್ಶೂರೆನ್ಸ್ ಕ್ಲೇಮ್ ಅರ್ಧಕ್ಕಿಂತಲೂ ಕೆಳಗಿಳಿಯಿತು, ಆಮೇಲೆ ದೊಡ್ಡ ಮಟ್ಟದಲ್ಲಿ ಮಾಡಿದಾಗಲೂ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು. ನಿಮ್ಮ ಟೆಂಪೊ, ಮ್ಯಾಕ್ಸಿಕ್ಯಾಬ್ ಒಳಗೆ ‘ಸ್ಪೀಡ್ ಜಾಸ್ತಿ ಅನ್ನಿಸಿದರೆ, ಅಣ್ಣಾ ನಿಧಾನ ಅನ್ನಿ’ ಅಂತ ಅಂಟಿಸುವ ಧೈರ್ಯ ಇದ್ದರೆ, ಹೊರಗಿನ ಹತ್ತು ಬೋರ್ಡಿಗಿಂತ ಅದೊಂದೇ ಹೆಚ್ಚು ಕೆಲಸ ಮಾಡೀತು.

ಸ್ಲೋಗನ್ ಒಂದೇ ಎಲ್ಲವನ್ನೂ ಸರಿಮಾಡುವುದಿಲ್ಲ, ಅದೂ ಗೊತ್ತಿರಲಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಸಾವು ಇಳಿದದ್ದು ಕ್ಯಾಮೆರಾ, ದಂಡ ಮತ್ತು 2023ರ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಗೆ ಬಿಡದೆ ಇದ್ದ ಮೇಲೆ. ಮುಂದೆ ಕ್ಯಾಮೆರಾ ಇರುವ ಕಡೆ ನಿಮ್ಮ ಬೋರ್ಡ್ ನಿಲ್ಲಿಸಿದರೆ ಎರಡೂ ಸೇರಿ ಕೆಲಸ ಮಾಡುತ್ತವೆ.

ಬರೆಸುವ ಮೊದಲು ಟೀ ಅಂಗಡಿಯಲ್ಲಿ ಯಾವುದಾದರೂ ಡ್ರೈವರ್‌ಗೆ ಸಾಲನ್ನು ಒಮ್ಮೆ ಮಾತ್ರ ಓದಿ ಹೇಳಿ, ‘ಇದನ್ನು ನೋಡಿದರೆ ಏನು ಮಾಡ್ತೀರಿ’ ಅಂತ ಕೇಳಿ. ‘ಹುಷಾರಾಗಿ ಓಡಿಸ್ತೀನಿ’ ಅಂದರೆ ಸಾಲು ಸೋತಿತು, ಬೇರೆ ಬರೆಯಿರಿ. ‘ಗೇರ್ ಇಳಿಸ್ತೀನಿ’ ಅಂದರೆ ಪೇಂಟರ್‌ಗೆ ಕೊಡಿ. ಹಳದಿ ಮೇಲೆ ಕಪ್ಪು, ಅಕ್ಷರ ದಪ್ಪ, ಸುತ್ತ ಖಾಲಿ ಜಾಗ. ಅಧ್ಯಕ್ಷರದು, ಕಾರ್ಯದರ್ಶಿಯದು, ಶುಭ ಕೋರುವವರದು ಫೋಟೊ ಬೇಕೇ ಬೇಕು ಅಂತ ಯಾರಾದರೂ ಹಟ ಹಿಡಿದರೆ ಜಗಳ ಬೇಡ. ಅವರಿಗೆ ಇನ್ನೊಂದು ಬೋರ್ಡ್ ಮಾಡಿಸಿ ಸಂಘದ ಆಫೀಸಿನೊಳಗೆ ತೂಗುಹಾಕಿ.