ಐಗರ್ ಗೋಡೆಯ ನಡುವೆ ಸಿಕ್ಕಿಬಿದ್ದರೆ ಹಗ್ಗ ಹಾಕಿ ಇಳಿದರೆ ಸಾಲದಾ?

ಉಡುಪಿಯ ಓದುಗರೊಬ್ಬರ ಪ್ರಶ್ನೆ: "ಸ್ವಿಟ್ಜರ್ಲೆಂಡಿನ ಐಗರ್ ಬೆಟ್ಟದ ಉತ್ತರದ ಗೋಡೆ ಹತ್ತುವಾಗ ಹವೆ ಕೆಟ್ಟರೆ ಏನು ಮಾಡ್ತಾರೆ? ಹತ್ತಿದ ದಾರಿಯಲ್ಲೇ ಹಗ್ಗ ಕಟ್ಟಿ ಇಳಿದರಾಯ್ತಲ್ವಾ? ಮತ್ತೆ ಅಷ್ಟು ಜನ ಯಾಕೆ ಸತ್ತರು?"

ಗಡಾಯಿಕಲ್ಲು ಹತ್ತಿ ಬಂದವರಿಗೆ ಈ ಪ್ರಶ್ನೆ ಬರುವುದು ಸಹಜ. ಅಲ್ಲಿ ಸುಸ್ತಾದರೆ ಅದೇ ಮೆಟ್ಟಿಲಲ್ಲಿ ತಿರುಗಿ ಇಳಿಯಬಹುದು. ಐಗರ್‌ನಲ್ಲೂ ಗೋಡೆಯ ಕೆಳಭಾಗದಲ್ಲಿದ್ದಾಗ ನೀವು ಹೇಳಿದ ಹಾಗೇ ಮಾಡುತ್ತಾರೆ. ಒಂದು ಹಂತ ದಾಟಿದ ಮೇಲೆ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ. ಆಗ ಪಾರಾಗುವ ದಾರಿ ಹೆಚ್ಚಾಗಿ ಮೇಲುಗಡೆಯೇ ಇರುತ್ತದೆ.

ಮೊದಲು ಅಳತೆ. ಐಗರ್‌ನ ಎತ್ತರ 3,967 ಮೀಟರ್, ಅದರ ಉತ್ತರದ ಗೋಡೆ ಒಂದೇ ಸುಮಾರು 1,800 ಮೀಟರ್. ನಮ್ಮ ಕುದುರೆಮುಖದ ತುದಿ ಸಮುದ್ರ ಮಟ್ಟದಿಂದ 1,894 ಮೀಟರ್. ಅಂದರೆ ಪಣಂಬೂರಿನ ಮರಳಿನಿಂದ ಕುದುರೆಮುಖದ ನೆತ್ತಿಯವರೆಗಿನ ಎತ್ತರ ಹೆಚ್ಚುಕಡಿಮೆ ಪೂರ್ತಿ ಒಂದೇ ಗೋಡೆಯಾಗಿ ನಿಂತಿದೆ ಅಂದ್ಕೊಳ್ಳಿ, ಅದರ ಮೇಲೆ ಮಂಜುಗಡ್ಡೆ, ಉದುರುವ ಕಲ್ಲು, ಇಳಿದು ಬರುವ ನೀರು ಬೇರೆ.

60 ಮೀಟರಿನ ಎರಡು ಹಗ್ಗ ಗಂಟು ಹಾಕಿದರೆ ಒಂದು ಸಲಕ್ಕೆ ಇಳಿಯಲು ಸಿಗುವುದು 60 ಮೀಟರ್ ಮಾತ್ರ, ಯಾಕೆಂದರೆ ಇಳಿದ ಮೇಲೆ ಒಂದು ತುದಿ ಎಳೆದು ಹಗ್ಗ ವಾಪಸ್ ತೆಗೆಯಬೇಕಲ್ಲ. ಗೋಡೆ ಪೂರ್ತಿ ಇಳಿಯಲು ಮೂವತ್ತು ಸಲ ಹೀಗೆ ಮಾಡಬೇಕು. ಪ್ರತಿ ಸಲವೂ ಹಗ್ಗ ಸಿಕ್ಕಿಸಲು ಗಟ್ಟಿ ಜಾಗ ಬೇಕು. ಬಂಡೆಯ ಬಿರುಕಿದ್ದರೆ ಕಬ್ಬಿಣದ ಮೊಳೆ ಹೊಡೆದು ಅಲ್ಲೇ ಬಿಟ್ಟು ಬರುತ್ತಾರೆ. ಬರೀ ಮಂಜುಗಡ್ಡೆ ಇದ್ದರೆ ಉದ್ದದ ಸ್ಕ್ರೂನಿಂದ ಓರೆಯಾಗಿ ಎರಡು ತೂತು ಕೊರೆಯುತ್ತಾರೆ, ಎರಡೂ ಒಳಗೆ ಹೋಗಿ ಒಂದಕ್ಕೊಂದು ಸೇರಬೇಕು. ಒಂದರಿಂದ ಸಣ್ಣ ಹುರಿ ತೂರಿಸಿ, ಇನ್ನೊಂದರಿಂದ ಕೊಕ್ಕೆ ಹಾಕಿ ಹೊರಗೆಳೆದು ಗಂಟು ಹಾಕಿದರೆ ಆಯ್ತು, ಆ ಹುರಿಯ ಮೇಲೆ ಇಡೀ ಮೈಭಾರ. ಸೋವಿಯತ್ ಪರ್ವತಾರೋಹಿ ವಿಟಾಲಿ ಅಬಲಕೋವ್ ಹೆಸರಿನಲ್ಲಿ ಇದನ್ನು ಕರೆಯುತ್ತಾರೆ. ಮನೆಯಲ್ಲಿ ಕೂತು ಓದಲು ಸುಲಭ. ಬಿರುಗಾಳಿಯಲ್ಲಿ, ಮರಗಟ್ಟಿದ ಬೆರಳಲ್ಲಿ ಆ ಎರಡು ತೂತು ಸೇರಿಸುವುದೇ ಒಂದು ಕೆಲಸ.

ಇದೆಲ್ಲ ಹೇಗೋ ಆಗುತ್ತದೆ ಅಂತಿಟ್ಟುಕೊಳ್ಳಿ. ನಿಜವಾದ ತೊಂದರೆ ಬೇರೆ. ಹಗ್ಗದಲ್ಲಿ ಇಳಿಯುವವನು ನೆಟ್ಟಗೆ ಕೆಳಗೆ ಹೋಗುತ್ತಾನೆ. ಐಗರ್‌ನ ದಾರಿ ನೆಟ್ಟಗೆ ಇಲ್ಲ. 1938ರಲ್ಲಿ ಹೆಕ್‌ಮೈರ್ ಮತ್ತು ಸಂಗಡಿಗರು ಮೊದಲ ಸಲ ಪೂರ್ತಿ ಹತ್ತಿದ ದಾರಿ ಹಲವು ಕಡೆ ಅಡ್ಡಡ್ಡ ಸರಿಯುತ್ತದೆ. ಅಡ್ಡ ಸರಿದ ಜಾಗದಲ್ಲಿ ನೇರ ಹಗ್ಗ ಬಿಟ್ಟರೆ ಕೆಳಗೆ ಸಿಗುವುದು ನೀವು ಹತ್ತಿ ಬಂದ ದಾರಿಯಲ್ಲ, ಮುಂಚಾಚಿದ ಬಂಡೆ ಮತ್ತು ಅದರ ಕೆಳಗೆ ಬರೀ ಗಾಳಿ.

ಇದು ಜಗತ್ತಿಗೆ ಗೊತ್ತಾದದ್ದು 1936ರ ಜುಲೈಯಲ್ಲಿ. ಹಿಂಟರ್‌ಸ್ಟಾಯ್ಸರ್, ಟೋನಿ ಕುರ್ಟ್ಸ್, ಆಂಗೆರರ್, ರೈನರ್ ಎಂಬ ನಾಲ್ವರು ಹುಡುಗರು. ನುಣುಪಾದ ಒಂದು ಬಂಡೆಯನ್ನು ಹಿಂಟರ್‌ಸ್ಟಾಯ್ಸರ್ ಹಗ್ಗದ ಬಿಗಿತದ ಆಸರೆಯಲ್ಲಿ ಅಡ್ಡ ದಾಟಿದ, ಉಳಿದವರು ಹಿಂದೆ ಬಂದರು, ಆಮೇಲೆ ಹಗ್ಗ ಎಳೆದುಕೊಂಡರು. ಮೇಲೆ ಕಲ್ಲು ಬಿದ್ದು ಆಂಗೆರರ್‌ಗೆ ಗಾಯವಾಯಿತು, ನಾಲ್ವರೂ ತಿರುಗಿದರು. ವಾಪಸ್ ಬಂದು ನೋಡಿದರೆ ಆ ಬಂಡೆಯ ಮೇಲೆ ಗಾಜಿನ ಹಾಗೆ ಮಂಜು ಕಟ್ಟಿದೆ. ಹಿಂಟರ್‌ಸ್ಟಾಯ್ಸರ್ ಎಷ್ಟು ಸಲ ಪ್ರಯತ್ನಿಸಿದರೂ ದಾಟಲಾಗಲಿಲ್ಲ. ಕೊನೆಗೆ ನೇರ ಕೆಳಗೆ ಇಳಿಯಲು ಹೊರಟರು. ಹಿಮ ಜಾರಿ ಬಂದು ಮೂವರು ಸತ್ತರು, ಕುರ್ಟ್ಸ್ ಒಬ್ಬನೇ ಹಗ್ಗದಲ್ಲಿ ನೇತಾಡುತ್ತ ಉಳಿದ.

ಮರುದಿನ ಬೆಳಿಗ್ಗೆ ಗೈಡ್‌ಗಳು ಅವನ ಕೆಳಗೇ ಬಂದು ನಿಂತಿದ್ದರು. ಒಂದು ಕೈ ಪೂರ್ತಿ ಸೆಟೆದಿದ್ದರೂ ಅವನು ಹಗ್ಗದ ಎಳೆ ಬಿಡಿಸಿ, ಎಳೆಗೆ ಎಳೆ ಕಟ್ಟಿ ಕೆಳಗೆ ಬಿಟ್ಟು, ಅವರು ಕಟ್ಟಿ ಕೊಟ್ಟ ಹಗ್ಗವನ್ನು ಮೇಲೆಳೆದುಕೊಂಡ. ಆ ಹಗ್ಗ ಉದ್ದ ಸಾಲದೆ ಅವರು ಇನ್ನೊಂದು ಹಗ್ಗವನ್ನು ಗಂಟು ಹಾಕಿ ಸೇರಿಸಿದ್ದರು. ಬಾವಿಹಗ್ಗದ ಗಂಟು ರಾಟೆಗೆ ಬಂದು ಸಿಕ್ಕಿದರೆ ಕೊಡಪಾನ ಅಲ್ಲೇ ನಿಲ್ಲುತ್ತದಲ್ಲ, ಹಾಗೆ ಆ ಗಂಟು ಅವನ ಸೊಂಟದ ಕೊಂಡಿಯಲ್ಲಿ ಸಿಕ್ಕಿಬಿತ್ತು. ಗೈಡ್‌ಗಳ ಕೈಗೆ ಎಟುಕುವಷ್ಟು ಹತ್ತಿರ ಬಂದು ಸತ್ತ, ಮಾರಾಯ್ರೆ.

ಮಾರನೇ ವರ್ಷ, 1937ರಲ್ಲಿ, ರೆಬಿಚ್ ಮತ್ತು ಫೋರ್ಗ್ ಅದೇ ಬಂಡೆಯಲ್ಲಿ ಹಗ್ಗ ಕಟ್ಟಿ ಬಿಟ್ಟೇ ಮೇಲೆ ಹೋದರು. ಹವೆ ಕೆಟ್ಟಿತು, ತಿರುಗಿದರು, ಹಗ್ಗ ಅಲ್ಲೇ ಇತ್ತು, ಜೀವಂತ ಇಳಿದರು. ಗೋಡೆಯ ಅಷ್ಟು ಎತ್ತರದಿಂದ ತಿರುಗಿ ಬದುಕಿ ಬಂದವರಲ್ಲಿ ಅವರೇ ಮೊದಲಿಗರು. ನನ್ನ ಮಟ್ಟಿಗೆ ಇದು ಐಗರ್‌ನ ಇತಿಹಾಸದಲ್ಲಿ ಶಿಖರ ಮುಟ್ಟಿದ್ದಕ್ಕಿಂತ ಸಣ್ಣ ಸಾಧನೆ ಏನಲ್ಲ. ಆ ಬಂಡೆಗೆ ಈಗಲೂ ಹಿಂಟರ್‌ಸ್ಟಾಯ್ಸರ್ ಹೆಸರೇ, ಈಗ ಅಲ್ಲಿ ಕಾಯಂ ಹಗ್ಗಗಳಿವೆ.

ಕೆಳಭಾಗದಲ್ಲಿ ಇನ್ನೊಂದು ವಿಚಿತ್ರ ದಾರಿಯೂ ಇದೆ. ಐಗರ್‌ನ ಹೊಟ್ಟೆಯೊಳಗೆ ಯುಂಗ್‌ಫ್ರಾವ್ ರೈಲಿನ ಸುರಂಗ ಹೋಗುತ್ತದೆ. ಸುರಂಗ ತೋಡುವಾಗ ಕಲ್ಲುಪುಡಿ ಹೊರಗೆ ಎಸೆಯಲು ಗೋಡೆಯಲ್ಲಿ ಒಂದು ಬಾಯಿ ತೆರೆದಿದ್ದರು, ಸ್ಟೋಲನ್‌ಲೋಖ್ ಅಂತ ಹೆಸರು, ಈಗ ಅದಕ್ಕೆ ಮರದ ಬಾಗಿಲಿದೆ. ಮಳೆಯಲ್ಲಿ ನೆನೆದು ಬಂದ ಎಷ್ಟೋ ಜನ ಆ ಬಾಗಿಲಿನಿಂದ ಸುರಂಗದೊಳಗೆ ನುಗ್ಗಿ ಬದುಕಿದ್ದಾರೆ. ಕುರ್ಟ್ಸ್‌ನನ್ನು ಉಳಿಸಲು ಗೈಡ್‌ಗಳು ಹೊರಬಂದದ್ದೂ ರೈಲಿನಲ್ಲಿ ಬಂದೇ. ಆದರೆ ಅದು ಗೋಡೆಯ ಕೆಳಗಿನ ಭಾಗದಲ್ಲಿದೆ. ಮೇಲಿದ್ದವರಿಗೆ ಉಪಯೋಗವಿಲ್ಲ.

ಮೇಲಿದ್ದವರ ಕಥೆ ಹೀಗೆ. ರಾಂಪ್ ಎಂಬ ಓರೆ ಸಂದಿ ಹತ್ತಿ, ದೇವರ ಅಡ್ಡದಾರಿ ಎಂಬ ಅಂಚಿನಲ್ಲಿ ಸರಿದು, ಬಿಳಿ ಜೇಡ ಎಂಬ ಹಿಮದ ಹರವಿಗೆ ಬರಬೇಕು. ಇಷ್ಟು ದೂರ ಬಂದವರು ತಿರುಗಬೇಕೆಂದರೆ ಅಡ್ಡದಾರಿಗಳನ್ನೆಲ್ಲ ಉಲ್ಟಾ ದಾಟಬೇಕು. ತುದಿಗೆ ಹೋಗುವುದೇ ಹತ್ತಿರ. 1938ರ ತಂಡಕ್ಕೂ ಜೇಡದಲ್ಲಿ ಹಿಮ ಮೈಮೇಲೆ ಸುರಿಯಿತು, ಅವರು ಮೇಲಕ್ಕೇ ಹೋಗಿ ಬಿರುಗಾಳಿಯಲ್ಲೇ ಪಶ್ಚಿಮದ ಇಳಿಜಾರಿನಲ್ಲಿ ಇಳಿದರು. ಆ ಇಳಿಜಾರು ಸುಲಭ ಅಂತ ಹೇಳುತ್ತಾರೆ, ನಂಬಬೇಡಿ. 1957ರಲ್ಲಿ ಗೋಡೆಯಲ್ಲಿ ಕಾಣೆಯಾದ ಇಬ್ಬರು ಜರ್ಮನ್ನರ ದೇಹ ಸಿಕ್ಕಿದ್ದು 1961ರಲ್ಲಿ, ಅದೇ ಇಳಿಜಾರಿನಲ್ಲಿ. ಅವರು ಗೋಡೆ ಹತ್ತಿ ಮುಗಿಸಿದ್ದರು.

ಹೆಲಿಕಾಪ್ಟರ್ ಯಾಕೆ ಬರಲ್ಲ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಬರುತ್ತದೆ. ಆದರೆ ಮೊದಲು ಹಾಗಿರಲಿಲ್ಲ, 1957ರಲ್ಲಿ ಗೋಡೆಯಲ್ಲಿ ಸಿಕ್ಕಿಬಿದ್ದ ಇಟಲಿಯ ಕ್ಲೌಡಿಯೊ ಕೋರ್ಟಿಯನ್ನು ಉಳಿಸಲು ತುದಿಯಿಂದ ಉಕ್ಕಿನ ಹಗ್ಗದಲ್ಲಿ ಆಲ್ಫ್ರೆಡ್ ಹೆಲ್ಲೆಪಾರ್ಟ್ ಎಂಬವರನ್ನು 300 ಮೀಟರ್‌ಗಿಂತ ಜಾಸ್ತಿ ಕೆಳಗೆ ಇಳಿಸಿ, ಕೋರ್ಟಿಯನ್ನು ಬೆನ್ನಿಗೆ ಹಾಕಿಕೊಂಡು ಮೇಲೆ ತರಬೇಕಾಯಿತು. ಜೊತೆಗಾರ ಲೊಂಗಿ ಗೋಡೆಯಲ್ಲೇ ಉಳಿದು ಸತ್ತ. 1971ರಲ್ಲಿ ಮೊದಲ ಸಲ ಹೆಲಿಕಾಪ್ಟರ್ ಗೋಡೆಯಿಂದಲೇ ಜನರನ್ನು ಎತ್ತಿತು. ಈಗ ರೆಕ್ಕೆ ಬಂಡೆಗೆ ತಾಗದಷ್ಟು ದೂರ ನಿಂತು, ಉದ್ದ ಹಗ್ಗದ ತುದಿಯಲ್ಲಿ ರಕ್ಷಕನನ್ನು ಇಳಿಸುತ್ತಾರೆ. ಆದರೆ ಪೈಲಟ್‌ಗೆ ಗೋಡೆ ಕಾಣಬೇಕು. ಜುಲೈಯ ಚಾರ್ಮಾಡಿ ಘಾಟಿಯಲ್ಲಿ ಮುಂದಿನ ಬಸ್ಸಿನ ಲೈಟೂ ಕಾಣದ ದಿನ ನೋಡಿದ್ದೀರಲ್ಲ, ಅಂಥ ಮೋಡದಲ್ಲಿ ಯಾರೂ ಹಾರುವುದಿಲ್ಲ. ಸಹಾಯ ಬೇಕಾಗುವುದೂ ಹೆಚ್ಚಾಗಿ ಅಂಥ ದಿನವೇ.

ಹಾಗಾಗಿ ಈಗಿನವರು ಚಳಿಗಾಲದಲ್ಲಿ ಅಥವಾ ವಸಂತದ ಶುರುವಿನಲ್ಲಿ ಹತ್ತುವುದು ಜಾಸ್ತಿ. ಕಲ್ಲುಗಳು ಮಂಜಿನಲ್ಲಿ ಕಚ್ಚಿಕೊಂಡಿರುತ್ತವೆ, ಬೇಸಿಗೆಯ ಮಧ್ಯಾಹ್ನದ ಬಿಸಿಲಿಗೆ ಸಡಿಲವಾಗಿ ಉದುರುವ ಕಾಟ ಕಡಿಮೆ. ಮೂರು ದಿನದ ಹವೆ ನೋಡಿ ಹೊರಡುತ್ತಾರೆ, ಅನುಮಾನ ಬಂದರೆ ರಾಂಪ್ ಮುಟ್ಟುವ ಮೊದಲೇ ತಿರುಗುತ್ತಾರೆ.

ಟೂರ್ ಪ್ಯಾಕೇಜಿನಲ್ಲಿ ಯುಂಗ್‌ಫ್ರಾವ್‌ಗೆ ಹೋಗುವವರಿಗೆ ಒಂದು ಮಾತು. ಹಿಂದೆ ರೈಲು ಸುರಂಗದೊಳಗೆ ಐಗರ್‌ವಾಂಡ್ ಎಂಬಲ್ಲಿ ನಿಂತು ಕಿಟಕಿಯಿಂದ ಗೋಡೆ ತೋರಿಸುತ್ತಿತ್ತು, ಈಗ ಅಲ್ಲಿ ನಿಲ್ಲುವುದಿಲ್ಲ. ಗ್ರಿಂಡೆಲ್‌ವಾಲ್ಡಿನಿಂದ 2020ರಲ್ಲಿ ಶುರುವಾದ ಕೇಬಲ್ ಕಾರಿನಲ್ಲಿ ಹೋಗಿ, ಎಡಗಡೆ ಕೂತುಕೊಳ್ಳಿ.