ಏಳು ಲಕ್ಷ ಮತದಾರರಿಗೂ ಒಬ್ಬರೇ ಶಾಸಕರು, ಒಂದೂಮುಕ್ಕಾಲು ಲಕ್ಷಕ್ಕೂ ಒಬ್ಬರೇ: ಇದು ಹೇಗೆ ಸರಿ?

ಓದುಗರ ಪ್ರಶ್ನೆ: ನಮ್ಮೂರು ಕೊಪ್ಪದ ಹತ್ತಿರ. ಕೆಲಸದ ಸಲುವಾಗಿ ಬೆಂಗಳೂರಿನ ಗೊಟ್ಟಿಗೆರೆಯಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಊರು ಶೃಂಗೇರಿ ವಿಧಾನಸಭಾ ಕ್ಷೇತ್ರಕ್ಕೆ ಸೇರುತ್ತದೆ, ಇಲ್ಲಿಯದು ಬೆಂಗಳೂರು ದಕ್ಷಿಣ. ಅಲ್ಲಿಗಿಂತ ಇಲ್ಲಿ ನಾಲ್ಕು ಪಟ್ಟು ಮತದಾರರಿದ್ದಾರಂತೆ. ಆದರೂ ಎರಡೂ ಕಡೆ ಒಬ್ಬೊಬ್ಬರೇ ಶಾಸಕರು. ಹಾಗಾದರೆ ನನ್ನ ಮತಕ್ಕೆ ಊರಿನಲ್ಲಿ ಒಂದು ಬೆಲೆ, ಇಲ್ಲಿ ಒಂದು ಬೆಲೆಯೇ?

ಉತ್ತರ: ಹೌದು, ಸದ್ಯಕ್ಕೆ ಹಾಗೆಯೇ ಇದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದಲ್ಲೇ ಅತಿ ಹೆಚ್ಚು ಮತದಾರರಿದ್ದದ್ದು ಬೆಂಗಳೂರು ದಕ್ಷಿಣದಲ್ಲಿ, ಏಳು ಲಕ್ಷದ ಆಸುಪಾಸು. ಅತಿ ಕಡಿಮೆ ಶೃಂಗೇರಿಯಲ್ಲಿ, ಒಂದೂಮುಕ್ಕಾಲು ಲಕ್ಷವೂ ಇಲ್ಲ. ಪ್ರತಿ ಶಾಸಕರಿಗೂ ಪ್ರದೇಶಾಭಿವೃದ್ಧಿ ನಿಧಿಯೆಂದು ವರ್ಷಕ್ಕೆ 2 ಕೋಟಿ ರೂಪಾಯಿ ನಿಗದಿಯಾಗಿದೆ. ಕ್ಷೇತ್ರ ದೊಡ್ಡದಿರಲಿ, ಚಿಕ್ಕದಿರಲಿ, ಮೊತ್ತ ಅಷ್ಟೇ. ತಲೆಗೆ ಹಂಚಿ ನೋಡಿದರೆ ಶೃಂಗೇರಿಯ ಮತದಾರನ ಪಾಲಿಗೆ ಸುಮಾರು 120 ರೂಪಾಯಿ, ಬೆಂಗಳೂರು ದಕ್ಷಿಣದವನ ಪಾಲಿಗೆ 30 ರೂಪಾಯಿಯೂ ಬರುವುದಿಲ್ಲ. ಸದನದಲ್ಲಿ ಪ್ರಶ್ನೆ ಕೇಳುವ ಅವಕಾಶ, ಅಧಿಕಾರಿಗಳ ಮೇಲೆ ಒತ್ತಡ ಹಾಕುವ ಶಕ್ತಿ, ಇವೂ ಹೀಗೆಯೇ ಹಂಚಿಹೋಗುತ್ತವೆ.

ಆದರೆ ಇದನ್ನು ಯಾರೋ ಬೇಕೆಂದೇ ಮಾಡಿದ ಮೋಸ ಎಂದುಕೊಳ್ಳಬೇಡಿ. ಕ್ಷೇತ್ರಗಳ ಗೆರೆ ಎಳೆದ ಹೊತ್ತಿನಲ್ಲಿ ಜಿಲ್ಲೆ ಜಿಲ್ಲೆಗಳ ನಡುವಿನ ಹಂಚಿಕೆ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು.

ಸಂವಿಧಾನದ 170ನೇ ವಿಧಿ ಹೇಳುವುದಿಷ್ಟು: ಕ್ಷೇತ್ರದ ಜನಸಂಖ್ಯೆಗೂ ಅದಕ್ಕೆ ಕೊಟ್ಟ ಸ್ಥಾನಕ್ಕೂ ಇರುವ ಅನುಪಾತ, ಸಾಧ್ಯವಾದ ಮಟ್ಟಿಗೆ, ರಾಜ್ಯದುದ್ದಕ್ಕೂ ಒಂದೇ ಇರಬೇಕು. ಈಗಿರುವ ಕ್ಷೇತ್ರಗಳನ್ನು ರೂಪಿಸಿದ್ದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಪುನರ್ವಿಂಗಡಣಾ ಆಯೋಗ. ಅದಕ್ಕೆ ಆಧಾರ 2001ರ ಜನಗಣತಿ. ಆಗ ಕರ್ನಾಟಕದ ಜನಸಂಖ್ಯೆ 5.28 ಕೋಟಿ. ಅದನ್ನು 224ರಿಂದ ಭಾಗಿಸಿದರೆ ಒಬ್ಬ ಶಾಸಕರಿಗೆ ಸುಮಾರು 2.36 ಲಕ್ಷ ಜನ. ಈ ಅಳತೆಯನ್ನು ಹಿಡಿದು ನೋಡಿ. ಬೆಂಗಳೂರು ನಗರ ಜಿಲ್ಲೆಯಲ್ಲಿ ಆಗ 65.4 ಲಕ್ಷ ಜನ, ಅಂದರೆ 27.7 ಸ್ಥಾನ. ಸಿಕ್ಕಿದ್ದು 28. ಚಿಕ್ಕಮಗಳೂರಿನಲ್ಲಿ 11.4 ಲಕ್ಷ, ಅಂದರೆ 4.8. ಸಿಕ್ಕಿದ್ದು 5. ಲೆಕ್ಕದಲ್ಲಿ ಕೊಂಕು ತೆಗೆಯುವಂಥದ್ದೇನೂ ಇಲ್ಲ.

ಹತ್ತು ವರ್ಷ ಕಳೆದು 2011ರ ಜನಗಣತಿ ಬಂತು. ರಾಜ್ಯದ ಜನಸಂಖ್ಯೆ 6.11 ಕೋಟಿಯಾಗಿ, ಸರಾಸರಿ 2.73 ಲಕ್ಷಕ್ಕೇರಿತು. ಬೆಂಗಳೂರು ನಗರ ಜಿಲ್ಲೆ 96 ಲಕ್ಷ ದಾಟಿತು. ಅದೇ ಅಳತೆಯಲ್ಲಿ ಅದಕ್ಕೆ 35 ಸ್ಥಾನ ಸಲ್ಲಬೇಕಿತ್ತು. ಚಿಕ್ಕಮಗಳೂರಿನಲ್ಲಿ ಜನ ಹೆಚ್ಚಲಿಲ್ಲ, ಒಂದಿಷ್ಟು ಕಡಿಮೆಯೇ ಆದರು. ಅದಕ್ಕೆ ಬರಬೇಕಾದದ್ದು 4. ಆದರೂ ಗೆರೆಗಳು ಕದಲಲಿಲ್ಲ. ಆಮೇಲೆ ನಡೆಯಬೇಕಿದ್ದ 2021ರ ಜನಗಣತಿಯೂ ಮುಂದಕ್ಕೆ ಹೋಯಿತು. 2008ರಿಂದ 2023ರವರೆಗಿನ ನಾಲ್ಕೂ ವಿಧಾನಸಭಾ ಚುನಾವಣೆಗಳನ್ನು 2001ರ ತಲೆಲೆಕ್ಕದ ಮೇಲೆಯೇ ನಡೆಸಿದ್ದೇವೆ. ನಿಮ್ಮ ಗೊಟ್ಟಿಗೆರೆ, ಪಕ್ಕದ ಅಂಜನಾಪುರ, ಕೋಣನಕುಂಟೆ 2001ರಲ್ಲಿ ಹೇಗಿದ್ದವು ಎಂದು ಅಲ್ಲಿನ ಹಳಬರನ್ನು ಕೇಳಿದರೆ ಉಳಿದದ್ದು ಅರ್ಥವಾಗುತ್ತದೆ.

ಗೆರೆ ಯಾಕೆ ಕದಲಲಿಲ್ಲ? 1976ರ 42ನೇ ತಿದ್ದುಪಡಿ ಸ್ಥಾನಗಳ ಲೆಕ್ಕವನ್ನು ಒಂದು ಗಡುವಿನ ತನಕ 1971ರ ಜನಗಣತಿಗೇ ಕಟ್ಟಿಹಾಕಿತು. ಜನಸಂಖ್ಯೆ ಹತೋಟಿಯಲ್ಲಿಟ್ಟ ರಾಜ್ಯಗಳು ಸಂಸತ್ತಿನಲ್ಲಿ ಸ್ಥಾನ ಕಳೆದುಕೊಳ್ಳಬಾರದು ಎಂಬುದು ಅದರ ಹಿಂದಿನ ವಾದ. ಆ ಗಡುವು ಮುಗಿಯುತ್ತಿದ್ದಂತೆ 84ನೇ ತಿದ್ದುಪಡಿ ಬಂದು, 2026ರ ನಂತರದ ಮೊದಲ ಜನಗಣತಿಯ ತನಕ ಒಟ್ಟು ಸ್ಥಾನಗಳನ್ನು ಮುಟ್ಟುವಂತಿಲ್ಲ ಎಂದಿತು. ಒಳಗಿನ ಗಡಿಗಳನ್ನು ಮಾತ್ರ ಒಮ್ಮೆ ಸರಿಪಡಿಸಬಹುದಿತ್ತು, ಆ ಒಮ್ಮೆ 2008ರಲ್ಲೇ ಮುಗಿದುಹೋಯಿತು. ಲೋಕಸಭೆಯ ಮಟ್ಟಿಗೆ ಈ ವಾದ ನನಗೆ ಒಪ್ಪಿಗೆ. ಅಲ್ಲಿ ಒಂದು ರಾಜ್ಯಕ್ಕೆ ಹೆಚ್ಚಾದದ್ದು ಇನ್ನೊಂದಕ್ಕೆ ಕಡಿಮೆಯಾಗುತ್ತದೆ. ಆದರೆ ವಿಧಾನಸಭೆಯಲ್ಲಿ ಆ ಪೈಪೋಟಿಯೇ ಇಲ್ಲ. ಕರ್ನಾಟಕದ ಸ್ಥಾನಗಳು 224ರಿಂದ 280 ಆದರೆ ತಮಿಳುನಾಡಿಗಾಗಲೀ ಬಿಹಾರಕ್ಕಾಗಲೀ ನಷ್ಟವೇನು? ಸಂವಿಧಾನವೇ 500ರವರೆಗೆ ಅವಕಾಶ ಕೊಟ್ಟಿದೆ. ಲೋಕಸಭೆಗೆ ಹಾಕಿದ ಬೀಗವನ್ನೇ ವಿಧಾನಸಭೆಗೂ ಹಾಕಿದ್ದು ತಪ್ಪೆಂದೇ ನನ್ನ ಅಭಿಪ್ರಾಯ.

ಇದರ ಪೆಟ್ಟು ಬೆಂಗಳೂರಿಗಷ್ಟೇ ಬಿದ್ದದ್ದಲ್ಲ. 2008ಕ್ಕೆ ಮೊದಲು ರಾಜ್ಯದಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲಿದ್ದದ್ದು ಬರೀ 2 ಕ್ಷೇತ್ರ. 1991ರಲ್ಲಿ ನಾಯಕ, ಬೇಡ, ವಾಲ್ಮೀಕಿ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಸೇರಿದ ಮೇಲೂ ಸಂಖ್ಯೆ ಎರಡೇ. ಕೊನೆಗೆ 2001ರ ಗಣತಿಯ ಶೇ 6.55ರ ಲೆಕ್ಕ ಹಿಡಿದಾಗ ಅದು ಒಂದೇ ಸಲಕ್ಕೆ 15 ಆಯಿತು. ಪರಿಶಿಷ್ಟ ಜಾತಿಯ ಸ್ಥಾನಗಳು 33ರಿಂದ 36ಕ್ಕೆ ಏರಿದವು. ಗೆರೆ ಬದಲಿಸುವುದನ್ನು ಮುಂದೂಡುತ್ತ ಹೋದ ಅಷ್ಟೂ ವರ್ಷ ಆ ಸಮುದಾಯಗಳು ಸದನದಲ್ಲಿ ತಮಗೆ ಸಲ್ಲಬೇಕಾದ ದನಿಯಿಲ್ಲದೆ ಕಳೆದವು.

ಈಗ ಊರಿನ ಕಡೆಯ ಮಾತು. ಮಲೆನಾಡಿನವರು ಕೇಳುವುದರಲ್ಲೂ ನ್ಯಾಯವಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕು ಒಂದೇ ಕ್ಷೇತ್ರದಲ್ಲಿವೆ. ಒಂಟಿ ಮನೆಗಳು, ಮಳೆಗಾಲದಲ್ಲಿ ಕೊಚ್ಚಿಹೋಗುವ ಕಾಲುಸಂಕ, ಸಿಗ್ನಲ್ ಸಿಗದ ಹಾಡಿಗಳು. ಇಲ್ಲಿ ಸಾವಿರ ಮತದಾರರನ್ನು ಕಾಣುವುದಕ್ಕೂ ಅಪಾರ್ಟ್‌ಮೆಂಟಿನ ಸಾವಿರ ಮತದಾರರನ್ನು ಕಾಣುವುದಕ್ಕೂ ಹೋಲಿಕೆಯೇ ಇಲ್ಲ. 2008ರಲ್ಲೂ ಇಂಥ ಕಡೆ ಕ್ಷೇತ್ರಗಳು ಕಳೆದುಹೋದವು. ಶಿವಮೊಗ್ಗ ಜಿಲ್ಲೆಯಲ್ಲಿ ಹೊಸನಗರ ಕ್ಷೇತ್ರವೇ ಇಲ್ಲವಾಗಿ, ತಾಲ್ಲೂಕಿನ ಹಳ್ಳಿಗಳು ಸಾಗರಕ್ಕೂ ತೀರ್ಥಹಳ್ಳಿಗೂ ಹಂಚಿಹೋದವು. ಚಿಕ್ಕಮಗಳೂರಿನಲ್ಲಿ ಬೀರೂರು ಹೋಯಿತು. ಕೊಡಗಿನಲ್ಲಿ ಸೋಮವಾರಪೇಟೆ ಹೋಗಿ ಮಡಿಕೇರಿ, ವಿರಾಜಪೇಟೆ ಎರಡೇ ಉಳಿದವು. 1952ರಲ್ಲಿ ಪ್ರತ್ಯೇಕ ರಾಜ್ಯವಾಗಿದ್ದಾಗ ಅದೇ ಕೊಡಗಿನ ವಿಧಾನಸಭೆಯಲ್ಲಿ 24 ಸದಸ್ಯರಿದ್ದರು. ಕೊಡಗಿನವರ ಸಂಕಟ ಎಷ್ಟೆಂದು ತಿಳಿಯಲು ಈ ಎರಡು ಸಂಖ್ಯೆಗಳೇ ಸಾಕು.

ಹಾಗೆಂದು ದೂರವನ್ನೂ ಕಾಡನ್ನೂ ಲೆಕ್ಕಕ್ಕೆ ಹಿಡಿದು ಒಬ್ಬರ ಮತಕ್ಕೆ ಹೆಚ್ಚು ತೂಕ ಕೊಡಬಹುದೇ? ಅಮೆರಿಕದಲ್ಲಿ ಈ ವಾದ ನ್ಯಾಯಾಲಯದ ಮೆಟ್ಟಿಲೇರಿತ್ತು. ಅಲಬಾಮ ರಾಜ್ಯ 1901ರಿಂದ ತನ್ನ ಶಾಸನಸಭೆಯ ಕ್ಷೇತ್ರಗಳನ್ನು ಬದಲಿಸಿರಲೇ ಇಲ್ಲ. ಆರು ಲಕ್ಷಕ್ಕೂ ಹೆಚ್ಚು ಜನರಿದ್ದ ಜೆಫರ್ಸನ್ ಕೌಂಟಿಗೂ, ಹದಿನೈದು ಸಾವಿರ ಚಿಲ್ಲರೆ ಜನರಿದ್ದ ಲೌಂಡ್ಸ್ ಕೌಂಟಿಗೂ ಒಬ್ಬೊಬ್ಬರೇ ಸೆನೆಟರ್. 1964ರಲ್ಲಿ ರೆನಾಲ್ಡ್ಸ್ ಮತ್ತು ಸಿಮ್ಸ್ ನಡುವಿನ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಶಾಸಕರು ಪ್ರತಿನಿಧಿಸುವುದು ಜನರನ್ನು, ಮರಗಳನ್ನೋ ಎಕರೆಗಳನ್ನೋ ಅಲ್ಲ ಎಂದಿತು. ರಾಜ್ಯ ಶಾಸನಸಭೆಯ ಎರಡೂ ಸದನಗಳ ಕ್ಷೇತ್ರಗಳು ಜನಸಂಖ್ಯೆಯಲ್ಲಿ ಆದಷ್ಟು ಸಮನಾಗಿರಬೇಕೆಂದು ತೀರ್ಪಾಯಿತು. ಅಂದಿನಿಂದ ಅಲ್ಲಿ ಹತ್ತು ವರ್ಷಕ್ಕೊಮ್ಮೆ, ಪ್ರತಿ ಗಣತಿಯಾದ ಮೇಲೂ, ಗೆರೆ ಬದಲಾಗುತ್ತದೆ. ಆದರೆ ಹೆಚ್ಚಿನ ರಾಜ್ಯಗಳಲ್ಲಿ ಗೆರೆ ಎಳೆಯುವುದು ಶಾಸನಸಭೆಯೇ ಆದ್ದರಿಂದ, ಆಳುವ ಪಕ್ಷ ತನಗೆ ಅನುಕೂಲವಾಗುವಂತೆ ಕ್ಷೇತ್ರವನ್ನು ಕೊಂಕಿಸುವ ಇನ್ನೊಂದು ಕಾಟವಿದೆ.

ನಮ್ಮಲ್ಲಿ ಈ ಕೆಲಸ ಸ್ವತಂತ್ರ ಆಯೋಗದ ಕೈಯಲ್ಲಿದೆ. ಇದನ್ನು ಕಾಪಾಡಿಕೊಳ್ಳಲೇಬೇಕು. 2002ರ ಕಾಯ್ದೆಯಂತೆ ಸುಪ್ರೀಂ ಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿಯೊಬ್ಬರು ಅಧ್ಯಕ್ಷರು, ಜೊತೆಗೆ ಕೇಂದ್ರ ಚುನಾವಣಾ ಆಯೋಗದವರೊಬ್ಬರು, ರಾಜ್ಯ ಚುನಾವಣಾ ಆಯುಕ್ತರು. ಸಂಸದರೂ ಶಾಸಕರೂ ಸಹಸದಸ್ಯರಾಗಿ ಕೂರುತ್ತಾರೆ, ಆದರೆ ಅವರಿಗೆ ಮತವಿಲ್ಲ. ಜನಸಂಖ್ಯೆಯ ಜೊತೆಗೆ ಭೂಲಕ್ಷಣ, ತಾಲ್ಲೂಕಿನ ಗಡಿ, ಓಡಾಟದ ಸೌಕರ್ಯ, ಜನರ ಅನುಕೂಲ ಇವನ್ನೂ ನೋಡಬೇಕೆಂದು ಕಾಯ್ದೆಯಲ್ಲೇ ಇದೆ. ಮಲೆನಾಡಿನ ಕ್ಷೇತ್ರಗಳು ಸರಾಸರಿಗಿಂತ ತುಸು ಚಿಕ್ಕದಿರುವುದಕ್ಕೆ ಅಷ್ಟು ಆಸ್ಪದ ಸಾಕು. ನಾಲ್ಕು ಪಟ್ಟು ಅಂತರಕ್ಕೆ ಅದು ಸಮರ್ಥನೆಯಾಗದು. ಗುಡ್ಡಗಾಡಿನ ಕಷ್ಟಕ್ಕೆ ಪರಿಹಾರ ಬೇರೆ ಕಡೆ ಹುಡುಕಬೇಕು: ಹೋಬಳಿಗೊಂದು ಶಾಸಕರ ಕಚೇರಿ, ವಿಸ್ತೀರ್ಣಕ್ಕೆ ತಕ್ಕ ಅನುದಾನ, ಬಲವಾದ ಗ್ರಾಮ ಪಂಚಾಯಿತಿ. ಎಲ್ಲಕ್ಕಿಂತ ಮೊದಲು ಒಟ್ಟು ಸ್ಥಾನ ಹೆಚ್ಚಬೇಕು. 224 ಎಂಬ ಸಂಖ್ಯೆ 1978ರ ಚುನಾವಣೆಯಿಂದ ಹಾಗೆಯೇ ನಿಂತಿದೆ. ಅದಕ್ಕೆ ಆಧಾರವಾದ 1971ರ ಗಣತಿಯಲ್ಲಿ ಒಬ್ಬ ಶಾಸಕರಿಗೆ ಸರಾಸರಿ 1.31 ಲಕ್ಷ ಜನರಿದ್ದರು. 2011ಕ್ಕೆ ಅದು ಇಮ್ಮಡಿಗೂ ಮೀರಿತು. ಒಟ್ಟು ಹೆಚ್ಚಿದರೆ ಬೆಂಗಳೂರಿಗೆ ಕೊಡಲು ಚಿಕ್ಕಮಗಳೂರಿನಿಂದ ಕಿತ್ತುಕೊಳ್ಳಬೇಕಾಗಿಲ್ಲ.

ನೀವು ಕೇಳದಿದ್ದರೂ ನಿಮಗೆ ನೇರವಾಗಿ ತಟ್ಟುವ ಒಂದು ಸಂಗತಿಯಿದೆ. ಕ್ಷೇತ್ರ ವಿಂಗಡಿಸುವಾಗ ಎಣಿಸುವುದು ಜನರನ್ನು, ಮತದಾರರನ್ನಲ್ಲ. ಹಸುಗೂಸೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಮತ ಇನ್ನೂ ಕೊಪ್ಪದ ಪಟ್ಟಿಯಲ್ಲೇ ಇದ್ದರೂ, ಗಣತಿದಾರರು ಬಂದಾಗ ನೀವು ಗೊಟ್ಟಿಗೆರೆಯ ಮನೆಯಲ್ಲಿ ವಾಸವಿದ್ದರೆ ಬೆಂಗಳೂರಿನ ಜನಸಂಖ್ಯೆಗೇ ಸೇರುತ್ತೀರಿ. ಬೆಂಗಳೂರಿನ ಸ್ಥಾನಗಳು ಹೆಚ್ಚುವುದು ನಿಮ್ಮ ತಲೆಯೆಣಿಕೆಯಿಂದ, ಆದರೆ ನೀವು ಮತ ಹಾಕುವುದು ಊರಿನಲ್ಲಿ. ಹೀಗಿರುವವರು ನಗರದಲ್ಲಿ ಬಹಳ ಮಂದಿ. ಕಾನೂನು ಪ್ರಕಾರ ಮತ ಇರಬೇಕಾದ್ದು ಸಾಮಾನ್ಯವಾಗಿ ವಾಸವಿರುವ ಕಡೆ. ವರ್ಗಾಯಿಸಿಕೊಳ್ಳಲು ನಮೂನೆ 8 ಇದೆ, ಆನ್‌ಲೈನಿನಲ್ಲೂ ಸಲ್ಲಿಸಬಹುದು. ಊರಿನ ಮೇಲಿನ ಪ್ರೀತಿಯಿಂದ ಮತ ಅಲ್ಲೇ ಇಟ್ಟುಕೊಂಡಿರುವವರ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ಬೀದಿಯ ಚರಂಡಿ, ಮಕ್ಕಳ ಶಾಲೆ, ಕುಡಿಯುವ ನೀರು ಇವೆಲ್ಲದರ ಬಗ್ಗೆ ನೀವು ಪ್ರಶ್ನೆ ಕೇಳಬೇಕಾದವರು ಇಲ್ಲಿನ ಶಾಸಕರು. (ಹೆಸರಿನಿಂದ ಗೊಂದಲವಾಗದಿರಲಿ: ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರ ಲೋಕಸಭೆಗೆ ಸೇರುವುದು ಬೆಂಗಳೂರು ಗ್ರಾಮಾಂತರಕ್ಕೆ.)

ಒಂದು ಮತದಿಂದ ಏನಾದೀತು ಎಂದರೆ, 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು 40,752 ಮತ ಪಡೆದು. ಸೋತ ಎ.ಆರ್. ಕೃಷ್ಣಮೂರ್ತಿ ಅವರಿಗೆ ಬಂದದ್ದು 40,751. 2008ರ ವಿಂಗಡಣೆಯಲ್ಲಿ ಆ ಕ್ಷೇತ್ರವೇ ಇಲ್ಲವಾಯಿತು. 2023ರಲ್ಲಿ ಜಯನಗರದ ಅಂತರ 16 ಮತ, ನಿಮ್ಮ ಶೃಂಗೇರಿಯಲ್ಲಿ ಘೋಷಣೆಯಾದದ್ದು 201.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನವೆಂದು ಕೇಂದ್ರ ಸರ್ಕಾರ 2025ರಲ್ಲೇ ಅಧಿಸೂಚನೆ ಹೊರಡಿಸಿತು. 2026ರ ನಂತರದ ಮೊದಲ ಗಣತಿ ಎಂದು 84ನೇ ತಿದ್ದುಪಡಿ ಹೇಳಿದ್ದಕ್ಕೆ ಇದು ಹೊಂದುತ್ತದೆ. ಗಣತಿದಾರರು ಬಂದಾಗ ಮನೆಯಲ್ಲಿರುವ ಎಲ್ಲರನ್ನೂ ಬರೆಸಿ. ಕಳೆದ ಸಲದಂತೆಯೇ ನಡೆದರೆ, ಪುನರ್ವಿಂಗಡಣಾ ಆಯೋಗ ಕರಡು ಪ್ರಕಟಿಸಿ, ಆಕ್ಷೇಪಣೆಗೆ ದಿನ ಗೊತ್ತುಮಾಡಿ, ಬಹಿರಂಗ ಸಭೆ ನಡೆಸುತ್ತದೆ. ಅಲ್ಲಿಗೆ ಪಕ್ಷದವರಷ್ಟೇ ಹೋದರೆ ಪಕ್ಷದ ಲೆಕ್ಕಾಚಾರವಷ್ಟೇ ದಾಖಲಾಗುತ್ತದೆ. ಬಡಾವಣೆಯ ಸಂಘದವರೂ, ಮಲೆನಾಡಿನ ಪಂಚಾಯಿತಿ ಸದಸ್ಯರೂ ಹೋಗಬೇಕು. ನಮ್ಮ ಹಳ್ಳಿಗೆ ತಾಲ್ಲೂಕು ಕೇಂದ್ರ ಇಷ್ಟು ದೂರ, ನಡುವೆ ಇಂಥ ಹೊಳೆ, ಆದ್ದರಿಂದ ಈ ಹೋಬಳಿಯನ್ನು ಆ ಕ್ಷೇತ್ರಕ್ಕೆ ಸೇರಿಸಬೇಡಿ ಎಂದು ನಕ್ಷೆ ಸಮೇತ ಲಿಖಿತವಾಗಿ ಕೊಡಬೇಕು. ಅಂತಿಮ ಆದೇಶ ಬಂದ ಮೇಲೆ ಅದಕ್ಕೆ ಕಾನೂನಿನ ಬಲ ಬರುತ್ತದೆ. ತೀರಾ ಮನಸೋಇಚ್ಛೆಯಾಗಿದ್ದರೆ ನ್ಯಾಯಾಲಯ ಪರಿಶೀಲಿಸಬಹುದೆಂದು ಸುಪ್ರೀಂ ಕೋರ್ಟು 2024ರಲ್ಲಿ ಹೇಳಿದ್ದರೂ, ಆ ದಾರಿ ಬಲು ಕಿರಿದು. ಹೇಳಬೇಕಾದ್ದನ್ನು ಕರಡು ಬಂದಾಗಲೇ ಹೇಳಬೇಕು.