ಪ್ಲೇಟ್‌ಲೆಟ್ ಇಳಿದಿದೆಯೇ? ಗುಲ್ಮವನ್ನೂ ನೋಡಿಸಿ

ಮೂಡಿಗೆರೆ, ಸಕಲೇಶಪುರದ ಕಡೆ ಮಲೇರಿಯಾ ಮನೆಮಾಡಿಕೊಂಡಿದ್ದ ಕಾಲದಲ್ಲಿ ಎಡಪಕ್ಕೆಯ ಕೆಳಗೆ ಊದಿಕೊಂಡ ಗುಲ್ಮವನ್ನು (ಸ್ಪ್ಲೀನ್) ಜ್ವರಗಡ್ಡೆ ಎನ್ನುತ್ತಿದ್ದರು. ಈಗ ಹಾಸನದಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿದವರ ರಿಪೋರ್ಟಿನಲ್ಲಿ ಗುಲ್ಮ 17 ಸೆಂ.ಮೀ., ಪ್ಲೇಟ್‌ಲೆಟ್ 70 ಸಾವಿರ ಎಂದಿದ್ದರೆ ವೈದ್ಯರು ಮೊದಲು ಅನುಮಾನಿಸುವುದು ಯಕೃತ್ತನ್ನು.

ಗುಲ್ಮದ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಕರುಳಿನ ರಕ್ತದ ಜೊತೆ ಸೇರಿ ಪೋರ್ಟಲ್ ಅಭಿಧಮನಿಯ ಮೂಲಕ ಯಕೃತ್ತಿಗೆ ಬರುತ್ತದೆ. ಕುಡಿತದಿಂದಲೋ ಹೆಪಟೈಟಿಸ್‌ನಿಂದಲೋ ಕೊಬ್ಬು ತುಂಬಿಯೋ ಯಕೃತ್ತು ಗಟ್ಟಿಯಾದರೆ ಆ ರಕ್ತಕ್ಕೆ ದಾರಿ ಸಾಲದೆ ಪೋರ್ಟಲ್ ಅಭಿಧಮನಿಯಲ್ಲಿ ಒತ್ತಡ ಏರುತ್ತದೆ. ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿ ಸರಿಯಿದ್ದರೂ ಈ ಒತ್ತಡ ಏರಿರಬಹುದು. ಯಕೃತ್ತಿನ ಎರಡು ಬದಿಯ ಒತ್ತಡದ ವ್ಯತ್ಯಾಸ 5 ಮಿ.ಮೀ. ಪಾದರಸ ದಾಟಬಾರದು. 10 ದಾಟಿದರೆ ಅನ್ನನಾಳದ ರಕ್ತನಾಳಗಳು ಉಬ್ಬತೊಡಗುತ್ತವೆ, 12 ದಾಟಿದರೆ ಅವು ಒಡೆಯುವ ಭಯ.

ಹಿಂದೆ ನಿಂತ ರಕ್ತದಿಂದ ಗುಲ್ಮ ಹಿಗ್ಗುತ್ತದೆ. ಆರೋಗ್ಯವಂತರಲ್ಲಿ ಪ್ಲೇಟ್‌ಲೆಟ್‌ಗಳ ಮೂರನೇ ಒಂದು ಪಾಲು ಗುಲ್ಮದಲ್ಲೇ ತಂಗಿರುತ್ತದೆ. ಗುಲ್ಮ ತೀರಾ ದೊಡ್ಡದಾದರೆ ಶೇಕಡಾ 90ರವರೆಗೂ ಅಲ್ಲೇ ಉಳಿಯಬಹುದು. ಪ್ಲೇಟ್‌ಲೆಟ್ ಇಳಿಯಿತೆಂದರೆ ನಮ್ಮಲ್ಲಿ ಡೆಂಗಿಯೆಂದೇ ಹೆದರಿ ಪಪ್ಪಾಯಿ ಎಲೆಯ ರಸ ಕುಡಿಸುತ್ತಾರೆ. ಗುಲ್ಮ ಹಿಡಿದಿಟ್ಟುಕೊಂಡದ್ದನ್ನು ಯಾವ ರಸವೂ ಬಿಡಿಸಿ ತರಲಾರದು. ಜ್ವರವಿಲ್ಲದೆ ತಿಂಗಳುಗಟ್ಟಲೆ ಎಣಿಕೆ ಕಡಿಮೆಯೇ ಇದ್ದರೆ ಹೊಟ್ಟೆಯ ಸ್ಕ್ಯಾನ್ ತಪ್ಪಿಸಬೇಡಿ.

ಹಾಗಾದರೆ ಗುಲ್ಮ ಬರೀ ಪೆಟ್ಟು ತಿನ್ನುವ ಅಂಗವೇ? 19ನೇ ಶತಮಾನದ ಕೊನೆಯಲ್ಲಿ ಇಟಲಿಯ ಗ್ವಿಡೋ ಬಾಂಟಿ, ರೋಗದ ಮೂಲವೇ ಗುಲ್ಮ ಎಂದಿದ್ದರು. ಯಕೃತ್ತು ಗಟ್ಟಿಯಾಗುವ ಸಿರೋಸಿಸ್ ವಿಷಯದಲ್ಲಿ ಅದು ನಿಲ್ಲಲಿಲ್ಲ. ಆದರೂ ಅವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಹಿಗ್ಗಿದ ಗುಲ್ಮಕ್ಕೆ ಹರಿಯುವ ರಕ್ತವೂ ಹೆಚ್ಚು, ಅಷ್ಟೂ ಪೋರ್ಟಲ್ ಅಭಿಧಮನಿಗೇ ಬಂದು ಬೀಳುತ್ತದೆ; ಗೇಟು ಅರ್ಧ ಮುಚ್ಚಿದ ಹೇಮಾವತಿ ನಾಲೆಗೆ ಮೇಲಿನಿಂದ ಇನ್ನಷ್ಟು ನೀರು ಬಿಟ್ಟ ಹಾಗೆ. ಗುಲ್ಮದ ಧಮನಿಯನ್ನು ಭಾಗಶಃ ಮುಚ್ಚಿದಾಗ ಪೋರ್ಟಲ್ ಒತ್ತಡ ಇಳಿಯುವುದೂ ಇದೇ ಕಾರಣಕ್ಕೆ.

ಭಾರತದಲ್ಲಿ ಇನ್ನೊಂದು ಬಗೆಯೂ ಇದೆ. ಪೋರ್ಟಲ್ ಅಭಿಧಮನಿಯಲ್ಲೇ ರಕ್ತ ಹೆಪ್ಪುಗಟ್ಟಿದ ಮಕ್ಕಳಲ್ಲಿ ಯಕೃತ್ತು ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ; ಗುಲ್ಮ ಮಾತ್ರ ಊದಿ, ಒಂದು ದಿನ ಮಗು ಇದ್ದಕ್ಕಿದ್ದಂತೆ ರಕ್ತ ಕಾರುತ್ತದೆ.

ಗುಲ್ಮವನ್ನೇ ತೆಗೆಸಿಬಿಟ್ಟರಾಗದೇ ಎಂದು ಮನೆಯವರು ಕೇಳುವುದು ಸಹಜ. ಕೆಲವರಿಗೆ ಅದು ಬೇಕಾಗುತ್ತದೆ. ಆದರೆ ತೆಗೆದ ಮೇಲೆ ಪೋರ್ಟಲ್ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಬಹುದು, ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾದ ಸೋಂಕು ಜೀವಕ್ಕೇ ಎರವಾಗಬಹುದು. ಅದಕ್ಕೇ ಮೊದಲು ಲಸಿಕೆ ಹಾಕಿಸುತ್ತಾರೆ. ಹೆಚ್ಚಿನವರಿಗೆ ಪೋರ್ಟಲ್ ಒತ್ತಡ ಇಳಿಸುವ ಪ್ರೊಪ್ರನೊಲಾಲ್ ಅಥವಾ ಕಾರ್ವೆಡಿಲಾಲ್ ಮಾತ್ರೆ, ಎಂಡೋಸ್ಕೋಪಿಯಲ್ಲಿ ಉಬ್ಬಿದ ರಕ್ತನಾಳಕ್ಕೆ ಬ್ಯಾಂಡ್ ಹಾಕುವುದು, ಇವೇ ಮೊದಲ ಚಿಕಿತ್ಸೆ. ತೋಟದ ಲೈನ್ ಮನೆಯಲ್ಲಿ ರಾತ್ರಿ ರಕ್ತವಾಂತಿಯಾದರೆ ಘಾಟಿ ರಸ್ತೆಯಲ್ಲಿ ಆಸ್ಪತ್ರೆ ಮುಟ್ಟುವುದೇ ಕಷ್ಟ. ಎಂಡೋಸ್ಕೋಪಿ ಅದಕ್ಕೆ ಮೊದಲೇ ಆಗಿರಬೇಕು.